ಹಾಳೆಯ ಹಿಂಬದಿಯ ಹೊತ್ತು

ನಾನು ಮಕ್ಕಳಿಗೆ ಬರೆದುಕೊಡುವ ಹಾಳೆಯಲ್ಲಿ ಮೂರು ಕಾಲಂ ಇರುತ್ತವೆ: ನಿಶ್ಚಿಂತೆ, ನೋಡಬಹುದು, ಕಷ್ಟ. ಎರಡನೇ ಪಿಯುಸಿಯಲ್ಲಿ ವಿಜ್ಞಾನ ಓದುವ ಮಗು ಯಾವ ಯಾವ ಕಾಲೇಜಿನ ಮೇಲೆ ಕಣ್ಣಿಟ್ಟಿದೆಯೋ ಅವುಗಳ ಹೆಸರನ್ನು ಈ ಮೂರರಲ್ಲಿ ಒಂದರ ಕೆಳಗೆ ಬರೆದು ಸಹಿ ಹಾಕುತ್ತೇನೆ. ವಾರದ ದಿನಗಳಲ್ಲಿ ಬಂಗಾರಪೇಟೆಯ ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ, ಭಾನುವಾರ ಉರಿಗಾಂನ ಹಳೆಯ ವಾಚನಾಲಯದಲ್ಲಿ ಈ ಹಾಳೆಯ ಕೆಲಸ. ಊರವರು ಇದನ್ನು ಡಾಕ್ಟರ ಚೀಟಿಯ ಹಾಗೆ ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋಗುತ್ತಾರೆ. ಅದರಿಂದ ನನಗೆ ಸ್ವಲ್ಪ ಕೊಬ್ಬೂ ಬಂದಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಹಾಳೆ ತಯಾರಾಗುವ ಬಗೆ ಹೀಗೆ. ಹತ್ತನೆಯ ತರಗತಿ, ಮೊದಲ ಪಿಯುಸಿ, ಅರ್ಧವಾರ್ಷಿಕ ಪರೀಕ್ಷೆ, ಇವುಗಳ ಅಂಕ ಬರೆದುಕೊಳ್ಳುತ್ತೇನೆ. ಗ್ರಾಮೀಣ, ಕನ್ನಡ ಮಾಧ್ಯಮ, ಜಾತಿ, ಯಾವ ಪ್ರಮಾಣಪತ್ರ ಕೈಯಲ್ಲಿದೆ, ಯಾವುದಕ್ಕೆ ಇನ್ನೂ ಓಡಾಡಬೇಕು ಎಂದು ನೋಡುತ್ತೇನೆ. ಹಿಂದಿನ ಮೂರು ವರ್ಷ ಆಯಾ ಕಾಲೇಜಿನ ಕೊನೆಯ ಸೀಟು ಎಷ್ಟು ಅಂಕಕ್ಕೆ ಹೋಯಿತು ಎಂಬುದನ್ನು ಪಕ್ಕದಲ್ಲಿಡುತ್ತೇನೆ. ಎಲ್ಲಕ್ಕಿಂತ ಹೆಚ್ಚಿನ ತೂಕ ಅಣಕು ಪರೀಕ್ಷೆಗೆ. ಆರು ಭಾನುವಾರ, ಬೆಳಗ್ಗೆ ಹತ್ತರಿಂದ ಒಂದರವರೆಗೆ, ಅರವತ್ತು ಪ್ರಶ್ನೆ. ಜೀವಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕೊನೆಯಲ್ಲಿ ಭೌತಶಾಸ್ತ್ರ, ತಲಾ ಹದಿನೈದು. ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಕಡಿತ.

ಪ್ರಶ್ನೆಪತ್ರಿಕೆ ಹಂಚಿ ನಾನು ಪಕ್ಕದ ಕೋಣೆಗೆ ಹೋಗಿ ತಂದೆತಾಯಿಯರ ಜೊತೆ ಮಾತಿಗೆ ಕೂರುತ್ತೇನೆ. ಮಕ್ಕಳನ್ನು ಕಾಯುವವರು ಎಪ್ಪತ್ತು ದಾಟಿದ ಒಬ್ಬ ಹಿರಿಯರು. ಇಲ್ಲಿಯ ಚಿನ್ನದ ಗಣಿ ಮುಚ್ಚುವವರೆಗೂ ಅದರ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಪಾಳಿಗೆ ಇಳಿಯುವವರ ಕೈಗೆ ಹಿತ್ತಾಳೆಯ ಬಿಲ್ಲೆ ಕೊಟ್ಟು ಹೊತ್ತು ಬರೆಯುವುದು, ಮೇಲೆ ಬಂದಾಗ ಬಿಲ್ಲೆ ವಾಪಸು ಪಡೆದು ಮತ್ತೆ ಹೊತ್ತು ಬರೆಯುವುದು, ಇದನ್ನೇ ಮಾಡಿ ತಲೆ ಬೆಳ್ಳಗಾದವರು. ಈಗಲೂ ಇಸ್ತ್ರಿ ಹಾಕಿದ ಬಿಳಿ ಅಂಗಿ, ಕಿವಿಯ ಮೇಲೊಂದು ಪೆನ್ಸಿಲ್. ಉತ್ತರದ ಹಾಳೆಗಳನ್ನು ಕೊಡುವಾಗ, ತೆಗೆದುಕೊಳ್ಳುವಾಗ ಅವರು ಹಿಂಬದಿಯ ಮೂಲೆಯಲ್ಲಿ ಸಣ್ಣದಾಗಿ ಏನೋ ಗೀಚುತ್ತಾರೆ ಎಂಬುದು ನನಗೆ ಗೊತ್ತಿತ್ತು. ಹಳೆಯ ಚಾಳಿ, ಇರಲಿ ಎಂದು ಸುಮ್ಮನಿದ್ದೆ.

ಆ ವರ್ಷ ಬಂದಿದ್ದವರಲ್ಲಿ ಒಬ್ಬಳು ಕ್ಯಾಸಂಬಳ್ಳಿಯಿಂದಲೂ ಆಚೆಯ ಒಂದು ಹಳ್ಳಿಯ ಹುಡುಗಿ. ಓದುತ್ತಿದ್ದುದು ಕೆಜಿಎಫ್‌ನ ಬೇರೊಂದು ಕಾಲೇಜಿನಲ್ಲಿ. ಹಾಗಾಗಿ ನನ್ನ ಪಾಠ ಅವಳು ಕೇಳಿದವಳಲ್ಲ, ಅವಳ ತಲೆ ಹೇಗೆ ಓಡುತ್ತದೆ ಎಂದು ನಾನು ನೋಡಿದವಳಲ್ಲ. ಮಾತು ಕಡಿಮೆ, ಅಕ್ಷರ ಮುತ್ತು. ಅವಳಿಗೆ ಬೇಕಾಗಿದ್ದುದು ಒಂದೇ: ದೇಶದಲ್ಲಿ ಬೆರಳೆಣಿಕೆಯಷ್ಟಿರುವ ವಿಜ್ಞಾನ ಸಂಸ್ಥೆಗಳಲ್ಲೊಂದರಲ್ಲಿ ಐದು ವರ್ಷದ ಕೋರ್ಸು. ಅದಕ್ಕೆ ಅದರದೇ ಪ್ರವೇಶ ಪರೀಕ್ಷೆ, ಮೂರು ಗಂಟೆ, ಅರವತ್ತು ಪ್ರಶ್ನೆ. ನಮ್ಮ ಕಡೆಯಿಂದ ಅಲ್ಲಿಗೆ ಹೋದವರನ್ನು ನಾನು ಕಂಡಿರಲಿಲ್ಲ.

ಆರು ಪರೀಕ್ಷೆಗಳ ಅಂಕ ಸಾಲಾಗಿ ಬರೆದೆ. ಜೀವಶಾಸ್ತ್ರ ಚೆನ್ನಾಗಿದೆ, ರಸಾಯನಶಾಸ್ತ್ರ ಇನ್ನೂ ಚೆನ್ನಾಗಿದೆ, ಗಣಿತ ನನ್ನ ಕಾಲೇಜಿನ ಮಕ್ಕಳಿಗೂ ಮೇಲು. ಭೌತಶಾಸ್ತ್ರದಲ್ಲಿ ಮಾತ್ರ ಎರಡು ಉತ್ತರ, ಮೂರು ಉತ್ತರ, ಒಂದು ಸಲ ಒಂದೂ ಇಲ್ಲ. ಉಳಿದ ವೃತ್ತಗಳೆಲ್ಲ ಖಾಲಿ. ನನ್ನ ಸ್ವಂತ ವಿಷಯವನ್ನೇ ಈ ಹುಡುಗಿ ಮುಟ್ಟುವುದಿಲ್ಲವಲ್ಲ ಎಂದು ಒಳಗೊಳಗೇ ಕೋಪವೂ ಬಂತು. ಸರಾಸರಿ ತೆಗೆದು ಆ ಸಂಸ್ಥೆಯ ಹೆಸರನ್ನು ಮೂರನೆಯ ಕಾಲಮ್ಮಿನಲ್ಲಿ ಬರೆದೆ. ಪಕ್ಕದಲ್ಲಿ 'ಭೌತಶಾಸ್ತ್ರ ದುರ್ಬಲ, ಸಿಇಟಿ ಕಡೆ ಗಮನ ಕೊಡುವುದು ಮೇಲು' ಎಂದು ಷರಾ ಹಾಕಿದೆ.

ಹಾಳೆ ತೆಗೆದುಕೊಳ್ಳಲು ಅವಳ ಜೊತೆ ಅಪ್ಪ, ಅಜ್ಜಿ ಬಂದರು. ಅಪ್ಪ ಬೆಂಗಳೂರಿನಲ್ಲಿ ತೋಟಗಾರಿಕೆಯ ಕೂಲಿ, ದಿನಾ ಬಂಗಾರಪೇಟೆಯಿಂದ ಬೆಳಗಿನ ರೈಲು. ಅಂದು ಒಂದು ದಿನದ ಕೆಲಸ ಬಿಟ್ಟು ಬಂದಿದ್ದರು. ನಾನು ಹಾಳೆಯನ್ನು ಮೇಜಿನ ಮೇಲೆ ಅವರ ಕಡೆ ತಿರುಗಿಸಿ ಒಂದೊಂದೇ ಓದಿ ಹೇಳಿದೆ.

"ಅಂಗಾದ್ರೆ ಆ ದೊಡ್ಡ ಕಾಲೇಜು ಆಗಕ್ಕಿಲ್ವಾ ಮೇಡಮ್ಮ?" ಎಂದು ಅಜ್ಜಿ ಕೇಳಿದರು.

"ಆಗೋದೇ ಇಲ್ಲ ಅಂತ ಅಲ್ಲಮ್ಮ, ಕಷ್ಟ. ಅದರ ಹಿಂದೆ ಬಿದ್ದರೆ ಇರೋ ಎರಡು ತಿಂಗಳೂ ಅದಕ್ಕೇ ಹೋಗುತ್ತೆ. ಕೈಗೆ ಸಿಗೋ ಸೀಟೂ ತಪ್ಪಬಹುದು."

"ನೀವು ಏಳಿದಂಗೇ ಆಗ್ಲಿ. ನಮಗೇನು ಗೊತ್ತಾಯ್ತದೆ," ಎಂದರು ಅಜ್ಜಿ. ಮೊಮ್ಮಗಳ ಕಡೆ ತಿರುಗಿ, "ಲೇ, ಏನಾದ್ರೂ ಕೇಳೋದಿದ್ರೆ ಕೇಳೇ, ಬಾಯ್ಗೆ ಬೀಗ ಆಕ್ಕೊಂಡು ಕುಂತ್ಕಬೇಡ."

ಹುಡುಗಿ ಹಾಳೆಯನ್ನೇ ನೋಡುತ್ತಿದ್ದಳು. "ಫಿಜಿಕ್ಸಲ್ಲಿ ನಾನು ಬರ್ದಿರೋದ್ರಲ್ಲಿ ಎಷ್ಟು ತಪ್ಪಾಗಿದೆ ಮೇಡಂ?"

"ಬರೆದರೆ ತಾನೆ ತಪ್ಪಾಗೋದು?" ಎಂದುಬಿಟ್ಟೆ. ಅಪ್ಪ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡು ಕೈ ಮುಗಿದರು. ಹುಡುಗಿ ಕೇಳಿದ್ದು ಸರಿಯಾದ ಪ್ರಶ್ನೆಯಾಗಿತ್ತು. ಅದನ್ನು ಕೇಳಬೇಕಾದವಳು ನಾನು.

ಅದಾಗಿ ವಾರವೋ ಹತ್ತು ದಿನವೋ ಆಗಿರಬೇಕು. ಒಂದು ಶನಿವಾರ ಮಧ್ಯಾಹ್ನ ವಾಚನಾಲಯದ ಬೀರು ಖಾಲಿ ಮಾಡುತ್ತಿದ್ದೆವು. ಹಿರಿಯರು ಉತ್ತರದ ಹಾಳೆಗಳ ಕಟ್ಟುಗಳನ್ನು ಮೇಜಿನ ಮೇಲೆ ಪೇರಿಸಿ, "ಮೇಡಂ, ಇವೆಲ್ಲ ಇಟ್ಕೊಳ್ಳೋದಾ, ರದ್ದಿಗಾ?" ಎಂದರು.

"ರದ್ದಿಗೇ ಹಾಕಿಬಿಡಿ ಸಾರ್."

"ಒಂದು ಸಲಿ ಹಿಂದೆ ನೋಡಿಬಿಡಿ, ಆಮೇಲೆ ಹಾಕೋಣ. ಟೈಮ್ ಎಲ್ಲಾ ಬರ್ದಿದ್ದೀನಿ. ಟೈಮ್ ನೋಡದೆ ಶೀಟ್ ಬಿಸಾಕೋದು ನಮ್ಮ ಆಫೀಸಲ್ಲಿ ಇಲ್ಲ ಮೇಡಂ. ಪಾರುಂಗ."

ನೋಡಿ ಎಂದು ಅವರು ತಮಿಳಿನಲ್ಲಿ ಹೇಳಿದರೆ ಅದು ಆಜ್ಞೆಯೇ. ಅವರ ಸಮಾಧಾನಕ್ಕೆಂದು ಮೇಲಿನ ಕಟ್ಟನ್ನು ತಿರುಗಿಸಿದೆ. ಮೂಲೆಯಲ್ಲಿ ಪೆನ್ಸಿಲಿನಿಂದ ಎರಡು ಸಂಖ್ಯೆ. ಒಳಗೆ ಹತ್ತು, ಹೊರಗೆ ಒಂದು. ಒಳಗೆ ಹತ್ತು, ಹೊರಗೆ ಹನ್ನೆರಡು ಐವತ್ತೈದು. ಹೀಗೇ ಹೋಗುತ್ತಾ ಒಂದು ಹಾಳೆಯಲ್ಲಿ ಹೊರಗೆ ಹನ್ನೆರಡು ಹತ್ತು ಎಂದಿತ್ತು. ತಿರುಗಿಸಿ ಹೆಸರು ನೋಡಿದರೆ ಅದೇ ಹುಡುಗಿ. ಎರಡನೆಯ ಕಟ್ಟು ಬಿಚ್ಚಿದೆ, ಹನ್ನೆರಡು ಹತ್ತು. ಮೂರನೆಯದು, ಹನ್ನೆರಡು ಎಂಟು. ಆರು ಭಾನುವಾರವೂ ಅವಳು ಐವತ್ತು ನಿಮಿಷ ಮೊದಲೇ ಎದ್ದು ಹೋಗಿದ್ದಳು.

ಭೌತಶಾಸ್ತ್ರ ಕೊನೆಯಲ್ಲಿತ್ತು. ಅವಳು ಶಾಲೆಯಲ್ಲಿ ಹೇಳಿಕೊಟ್ಟ ಹಾಗೆ ಮೊದಲಿನಿಂದ ಕೊನೆಗೆ, ಒಂದಾದ ಮೇಲೆ ಒಂದು ಮಾಡುವವಳು. ಅದರ ಸರದಿ ಬರುವ ಹೊತ್ತಿಗೆ ಬ್ಯಾಗು ಹೆಗಲಿಗೇರುತ್ತಿತ್ತು.

"ಇದನ್ನು ನನಗೆ ಯಾಕೆ ಹೇಳಲಿಲ್ಲ ಸಾರ್?" ಎಂದೆ. ಧ್ವನಿ ಸ್ವಲ್ಪ ಏರಿತ್ತು.

ಅವರು ಬೇಸರ ಮಾಡಿಕೊಳ್ಳಲಿಲ್ಲ. "ಬರೆಯೋದು ನನ್ನ ಕೆಲಸ ಮೇಡಂ. ಓದೋದು ನಿಮ್ಮದು," ಎಂದರು.

ನಾನು ಕೂತೆ. ಅವಳು ಕೇಳಿದ್ದ ಲೆಕ್ಕವನ್ನು ಈಗ ಹಾಕಿದೆ. ಆರು ಪತ್ರಿಕೆ ಸೇರಿ ಭೌತಶಾಸ್ತ್ರದಲ್ಲಿ ಬರೆದ ಉತ್ತರ ಹನ್ನೊಂದು. ತಪ್ಪು ಒಂದೂ ಇಲ್ಲ. ಅವಳ ಅಮ್ಮನ ಫೋನಿಗೆ ಕರೆ ಮಾಡಿ ಹುಡುಗಿಗೆ ಕೊಡಿಸಿದೆ.

"ಹನ್ನೆರಡೂ ಹತ್ತಕ್ಕೆ ಎದ್ದು ಹೋಗ್ತಿದ್ದೆ ಯಾಕಮ್ಮ?"

"ಬಸ್ಸಿಗೆ ಮೇಡಂ."

ಅವಳ ಊರಿಗೆ ಭಾನುವಾರ ಹನ್ನೆರಡೂವರೆಗೊಂದು ಬಸ್ಸು, ಅದು ತಪ್ಪಿದರೆ ಆರಕ್ಕೆ. ಕಾಲೇಜು ಮಕ್ಕಳಿಗೆಂದು ಮೂರೂಮುಕ್ಕಾಲಕ್ಕೆ ಬಿಡುವುದು ಭಾನುವಾರ ಓಡುವುದಿಲ್ಲ. ಊರಿನ ಮಹಿಳಾ ಹಾಲು ಸಂಘದಲ್ಲಿ ಅವಳ ಅಮ್ಮ ಟೆಸ್ಟರ್. ಹಿಂದಿನ ವರ್ಷ ಬಿದ್ದು ಬಲಗೈ ಮುರಿದುಕೊಂಡು, ಮೂಳೆ ಸರಿಯಾಗಿ ಕೂಡದೆ, ಹಾಲಿನ ಮಾದರಿಯ ಬಾಟಲಿ ಹಿಡಿಯುವುದು ಆಗುತ್ತಿರಲಿಲ್ಲ. ಬೆಳಗ್ಗೆ ಐದೂವರೆಗೆ, ಸಂಜೆ ಐದಕ್ಕೆ ಡೈರಿಯಲ್ಲಿ ನಿಂತು ಊರಿನ ಹಾಲೆಲ್ಲ ಪರೀಕ್ಷೆ ಮಾಡುತ್ತಿದ್ದವಳು ಮಗಳು.

"ಒಂದು ಮಾತು ಹೇಳಬಾರದಾಗಿತ್ತಾ?"

"ಎಲ್ರಿಗೂ ಒಂದೊಂದು ಕೆಲ್ಸ ಇರ್ತದಲ್ಲ ಮೇಡಂ. ಬಸ್ಸಿಗೆ ಓಗ್ಬೇಕು ಅಂತ ಏಳಿದ್ರೆ, ಬರ್ಲೇಬೇಡ ಅಂದ್ಬಿಡ್ತೀರೇನೋ ಅಂತ."

ಅಂದುಬಿಡುತ್ತಿದ್ದೆನೇನೋ. ಮೂರು ಗಂಟೆ ಕೂರಲಾಗದವರು ಬರುವುದು ಬೇಡ ಎಂದು ಮೊದಲ ಭಾನುವಾರ ಗಟ್ಟಿಯಾಗಿ ಹೇಳಿದವಳು ನಾನೇ.

ಅರ್ಜಿ ಹಾಕಲು ಕೊನೆಯ ದಿನ ಬುಧವಾರ. ಉಳಿದಿದ್ದು ನಾಲ್ಕು ದಿನ. ನೂರ ಮೂವತ್ತು ನಿಮಿಷಕ್ಕೆ ಇಷ್ಟಾದರೆ ನೂರ ಎಂಬತ್ತಕ್ಕೆ ಎಷ್ಟು ಎಂದು ತ್ರೈರಾಶಿ ಹಾಕಲು ಕೈ ಹೋಯಿತು, ಬಿಟ್ಟೆ. ಒಮ್ಮೆ ಅಂದಾಜಿನಿಂದ ಕೆಟ್ಟದ್ದನ್ನು ಇನ್ನೊಂದು ಅಂದಾಜಿನಿಂದ ರಿಪೇರಿ ಮಾಡುವುದು ಬೇಡವೆನಿಸಿತು. ನಾನು ಹೇಳಿದ ಮಾತನ್ನು ನಂಬಿ ಒಂದು ಮನೆ ಒಂದು ಆಸೆ ಕೈಬಿಟ್ಟಿತ್ತು. ಈಗ 'ಇಲ್ಲ, ಆಗಬಹುದು' ಎಂದು ಹೇಳಬೇಕಾದರೆ ಕೈಯಲ್ಲಿ ಗಟ್ಟಿಯಾದದ್ದೇನಾದರೂ ಇರಬೇಕು. ಅವಳನ್ನು ಇಲ್ಲಿಗೆ ಕರೆಸಿದರೆ ಮತ್ತೆ ಅದೇ ಬಸ್ಸು. ಪರೀಕ್ಷೆಯೇ ಅವಳ ಊರಿಗೆ ಹೋಗಲಿ ಎಂದು ತೀರ್ಮಾನಿಸಿದೆ.

"ನಾನೂ ಬರ್ತೀನಿ," ಎಂದರು ಹಿರಿಯರು. "ಟೈಮ್ ಯಾರು ಬರೀತಾರೆ?"

ಭಾನುವಾರ ಬೆಳಗ್ಗೆ ನನ್ನ ಸ್ಕೂಟರಿನ ಹಿಂದೆ ಅವರು ಫೈಲು ತಬ್ಬಿಕೊಂಡು ಕೂತರು. ಕ್ಯಾಸಂಬಳ್ಳಿ ದಾಟಿ ರಾಗಿ ಕುಯಿಲು ಮುಗಿದ ಹೊಲಗಳ ನಡುವೆ ಹೋಗಿ, ದಾರಿ ಕೇಳಿಕೊಂಡು ತಲುಪಿದಾಗ ಒಂಬತ್ತೂವರೆ. ಡೈರಿ ಎಂದರೆ ಒಂದೇ ಕೋಣೆ. ಬೆಳಗಿನ ಹಾಲಿನ ಲಾರಿ ಹೋಗಿತ್ತು, ನೆಲ ತೊಳೆದು ಒದ್ದೆಯಾಗಿತ್ತು. ಗೋಡೆಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಒಂದು ಪಟ್ಟಿ ಅಂಟಿಸಿತ್ತು. ಕರೆಂಟು ಹೋಗಿ ಹಾಲು ಪರೀಕ್ಷಿಸುವ ಯಂತ್ರ ನಿಂತಾಗ, ನೀರು ಬೆರೆತಿದೆಯೇ ಎಂದು ಹಾಲಿಗೆ ಲ್ಯಾಕ್ಟೋಮೀಟರು, ಎಂದರೆ ಸಾಂದ್ರತೆ ಅಳೆಯುವ ಗಾಜಿನ ಕೊಳವೆ, ಇಳಿಬಿಟ್ಟು ನೋಡುತ್ತಾರೆ. ಹಾಲು ಬೆಚ್ಚಗಿದ್ದರೆ ಅದು ಒಂದು ತೋರಿಸುತ್ತದೆ, ತಣ್ಣಗಿದ್ದರೆ ಇನ್ನೊಂದು. ಯಾವ ಉಷ್ಣತೆಗೆ ಎಷ್ಟು ಕೂಡಬೇಕು, ಎಷ್ಟು ಕಳೆಯಬೇಕು ಎಂಬುದು ಆ ಪಟ್ಟಿಯಲ್ಲಿತ್ತು.

"ಇದು ಯಾರು ಕೊಟ್ಟಿದ್ದು?" ಎಂದೆ.

"ನಾನೇ ಮಾಡಿದ್ದು ಮೇಡಂ," ಎಂದಳು ಹುಡುಗಿ. "ಚಳಿಗಾಲ್ದಾಗೆ ಒಂದೇ ಅಸುವಿನ ಆಲು ಬೆಳಗ್ಗೆ ಒಂದು ತೋರ್ಸದು, ಸಂಜೆ ಒಂದು ತೋರ್ಸದು. ನೀರು ಬೆರ್ಸಿದೀಯ ಅಂತ ಜನ ಜಗಳಕ್ಕೆ ಬಿದ್ರು. ಅದ್ಕೆ ಎರಡು ತಿಂಗ್ಳು ಬರ್ಕೊಂಡು ನೋಡ್ದೆ."

ಭೌತಶಾಸ್ತ್ರ ದುರ್ಬಲ ಎಂದು ಸಹಿ ಹಾಕಿದ ಕೈಯನ್ನು ನಾನು ಸೆರಗಿನೊಳಗೆ ಇಟ್ಟುಕೊಂಡೆ. ವರ್ಷಕ್ಕೆ ಇನ್ನೂರು ಮಕ್ಕಳಿಗೆ ಸಾಂದ್ರತೆಯ ಪಾಠ ಮಾಡುವವಳು ನಾನು. ಹೀಗೊಂದು ಕೆಲಸವನ್ನು ನನ್ನಿಂದ ಕಲಿತ ಯಾವ ಮಗುವೂ ಮಾಡಿರಲಿಲ್ಲ. ಆ ಕ್ಷಣದಲ್ಲಿ ಅವಳ ಮೇಲೆ ಹುಟ್ಟಿದ ಗೌರವ ಇವತ್ತಿಗೂ ಹಾಗೇ ಇದೆ.

ಯಂತ್ರವನ್ನು ಬದಿಗೆ ಸರಿಸಿ ಅದರ ಮೇಜಿನ ಮೇಲೆ ಹೊಸ ಪತ್ರಿಕೆ ಇಟ್ಟೆವು. ಹಿರಿಯರು ಹಾಳೆಯ ಹಿಂಬದಿಯಲ್ಲಿ ಹತ್ತು ಎಂದು ಬರೆದು ಕೊಟ್ಟರು. ಅಜ್ಜಿ ಬಾಗಿಲಲ್ಲಿ ಕೂತು, ಹಾಲಿನ ಕ್ಯಾನು ತೊಳೆಯಲು ಬಂದ ಹೆಂಗಸರನ್ನು ಕೈಸನ್ನೆಯಲ್ಲೇ ಆಚೆ ಕಳಿಸಿದರು. ಹನ್ನೆರಡರ ಹೊತ್ತಿಗೆ ಗಣಿತ ಮುಗಿಯಿತು. ಭೌತಶಾಸ್ತ್ರದ ಪುಟ ತಿರುಗಿಸಿ ಎರಡು ಪ್ರಶ್ನೆ ಮಾಡಿದವಳು ಹನ್ನೆರಡೂ ಹತ್ತಕ್ಕೆ ಸರಿಯಾಗಿ ತಲೆಯೆತ್ತಿದಳು. ಯಾರೂ ಏನೂ ಹೇಳಿರಲಿಲ್ಲ, ಅಲ್ಲಿ ಗೋಡೆ ಗಡಿಯಾರವೂ ಇರಲಿಲ್ಲ. ಅವಳ ಕೈ ತಾನಾಗಿ ಬ್ಯಾಗಿನ ಕಡೆ ಹೋಯಿತು, ಅರ್ಧ ಎದ್ದೇಬಿಟ್ಟಳು.

"ಉಕ್ಕಾರಮ್ಮಾ," ಎಂದರು ಹಿರಿಯರು ಮೆಲ್ಲಗೆ. "ಕೂತ್ಕೋ. ಶಿಫ್ಟ್ ಇನ್ನೂ ಮುಗೀಲಿಲ್ಲ."

ಅವಳು ನಕ್ಕು ಕೂತಳು. ನನ್ನ ಕಣ್ಣು ತುಂಬಿ ಬಂತು, ಹೊರಗೆ ಹೋಗಿ ನಿಂತೆ.

ಒಂದಕ್ಕೆ ಹಾಳೆ ತೆಗೆದುಕೊಂಡು ಅಲ್ಲೇ ತಿದ್ದಿದೆ. ಭೌತಶಾಸ್ತ್ರದಲ್ಲಿ ಹದಿನಾಲ್ಕು ಬರೆದಿದ್ದಳು, ಹದಿಮೂರು ಸರಿ. ಒಟ್ಟು ಅಂಕ ಹಿಂದಿನ ವರ್ಷ ಕೊನೆಯ ಸೀಟು ಹೋದದ್ದಕ್ಕಿಂತ ನಾಲ್ಕು ಕಡಿಮೆ, ಎಂದರೆ ಒಂದೇ ಒಂದು ಪ್ರಶ್ನೆಯ ಅಂತರ. ಸುಳ್ಳು ಧೈರ್ಯ ಕೊಡಲು ನನಗೆ ಬರುವುದಿಲ್ಲ. ಮನೆಯವರಿಗೆ ಹಾಗೇ ಹೇಳಿದೆ: "ನಾನು ಬರೆದುಕೊಟ್ಟಿದ್ದು ತಪ್ಪು. ನಿಶ್ಚಿಂತೆ ಅಂತ ಈಗಲೂ ಹೇಳಲ್ಲ. ಆದರೆ ಅರ್ಜಿ ಹಾಕದೆ ಬಿಟ್ಟರೆ ಅದು ನನ್ನ ತಪ್ಪಿಂದ ಆಗುತ್ತೆ, ಇವಳ ಕೈಲಾಗದೆ ಅಲ್ಲ."

ಅಮ್ಮ ತನ್ನ ವಕ್ರವಾದ ಮಣಿಕಟ್ಟನ್ನು ನೋಡಿಕೊಂಡು, "ಸಂಜೆ ಡೈರಿ ಬಿಡು, ನಾನು ನೋಡ್ಕೊತೀನಿ. ಪಕ್ಕದ ಮನೆ ಸೊಸೆಗೆ ಮಿಷನ್ನು ಕಲಿಸ್ಕೊತೀನಿ. ಎಡಗೈ ಐತಲ್ಲ," ಎಂದರು. ಮಾತು ಅಲ್ಲಿಗೆ ಮುಗಿಯಿತು.

ಅರ್ಜಿ ತುಂಬಲು ಕೂತರೆ ಇನ್ನೊಂದು ತೊಡಕು. ಅವಳ ಜಾತಿ ಪ್ರಮಾಣಪತ್ರ ರಾಜ್ಯದ ನಮೂನೆಯಲ್ಲಿತ್ತು, ಆ ಸಂಸ್ಥೆಗೆ ಕೇಂದ್ರದ ನಮೂನೆಯದೇ ಬೇಕು. ಸೋಮವಾರ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟೆವು, ಬರಲು ವಾರಗಳೇ ಬೇಕೆಂದರು. ನಿಯಮದ ಪುಟಗಳನ್ನು ಮೊದಲಿನಿಂದ ಓದಿದಾಗ ಪತ್ರ ಬರುವವರೆಗೆ ಮುಚ್ಚಳಿಕೆ ಬರೆದುಕೊಡಲು ಅವಕಾಶವಿದೆ ಎಂದು ತಿಳಿಯಿತು. ಅದಕ್ಕೆ ಅಪ್ಪನ ಸಹಿ ಬೇಕು. ಮಂಗಳವಾರ ಸಂಜೆ ಅವರು ರೈಲಿನಿಂದ ಇಳಿಯುವುದನ್ನೇ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕಾದು ನಿಂತು, ಕಲ್ಲುಬೆಂಚಿನ ಮೇಲೆ ಸಹಿ ಹಾಕಿಸಿಕೊಂಡೆ. ಬುಧವಾರ ಬೆಳಗ್ಗೆ ಅರ್ಜಿ ಹೋಯಿತು.

ಆಮೇಲಿನ ಎರಡು ತಿಂಗಳು ನಾನು ಅವಳಿಗೆ ಹೊಸದಾಗಿ ಕಲಿಸಿದ್ದು ಏನೂ ಇಲ್ಲ. ಕಲಿಸಿದ್ದು ಕೂರುವುದನ್ನು. ವಾರಕ್ಕೊಂದು ಪತ್ರಿಕೆ, ಪೂರ್ತಿ ಮೂರು ಗಂಟೆ. ಹನ್ನೆರಡೂ ಹತ್ತಕ್ಕೆ ತಲೆಯೆತ್ತುವುದು ನಿಲ್ಲಲು ನಾಲ್ಕು ವಾರ ಹಿಡಿಯಿತು. ಭೌತಶಾಸ್ತ್ರವನ್ನೇ ಮೊದಲು ಮಾಡು ಎಂದೆ. "ಕೊನೇಲಿ ಇರ್ಲಿ ಮೇಡಂ, ಅದು ನಂಗಿಷ್ಟ. ಇಷ್ಟವಾಗಿದ್ದು ಕೊನೇಗೆ ತಿನ್ನೋದು," ಎಂದಳು. ಅವಳ ಕ್ರಮವನ್ನೇ ಉಳಿಸಿಕೊಂಡೆವು.

ಪರೀಕ್ಷೆಯ ದಿನ ಅಪ್ಪ ದಿನಾ ಹೋಗುವ ರೈಲಿನಲ್ಲೇ ಅವಳನ್ನು ಕರೆದುಕೊಂಡು ಹೋದರು. ಅವರ ಜೊತೆಯ ಕೂಲಿಯವರು ಕರವಸ್ತ್ರ ಹಾಕಿ ಕಿಟಕಿ ಪಕ್ಕದ ಸೀಟು ಹಿಡಿದಿಟ್ಟು, ದಾರಿಯುದ್ದಕ್ಕೂ ಇಸ್ಪೀಟು ಬಿಚ್ಚದೆ ಮೌನವಾಗಿದ್ದರಂತೆ. ನಾನು ಕೇಂದ್ರದ ಗೇಟಿನಲ್ಲಿ ಕಾದೆ. ಸಮಯಕ್ಕೆ ಮೊದಲು ಹೊರಗೆ ಬಿಡುವುದಿಲ್ಲವೆಂದು ಗೊತ್ತಿದ್ದೂ, ಪರೀಕ್ಷೆ ಶುರುವಾಗಿ ಎರಡು ಗಂಟೆ ಹತ್ತು ನಿಮಿಷವಾದಾಗ ಬಾಗಿಲನ್ನೇ ನೋಡಿದೆ. ಮುಗಿದ ಗಂಟೆ ಬಾರಿಸಿದ ಮೇಲೆ ಎಲ್ಲರೂ ಬಂದರು. ಅವಳು ಬಂದದ್ದು ಕೊನೆಗೆ, ನಿಧಾನವಾಗಿ, ಬಸ್ಸಿನ ಯೋಚನೆಯೇ ಇಲ್ಲದವಳ ನಡಿಗೆಯಲ್ಲಿ.

ಮೊದಲ ಪಟ್ಟಿಯಲ್ಲಿ ಹೆಸರಿರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಮೂರನೆಯ ಪಟ್ಟಿಯಲ್ಲಿ ಅವಳಿದ್ದಳು.

ಹೊರಡುವ ದಿನ ಬಂಗಾರಪೇಟೆ ಸ್ಟೇಷನ್ನಿಗೆ ಮನೆಯವರೆಲ್ಲ ಬಂದಿದ್ದರು. ಅಜ್ಜಿ ಸೊಂಟದ ಚೀಲದಿಂದ ಮಾಸಿದ ಕಾಗದವೊಂದನ್ನು ತೆಗೆದು ನನ್ನ ಕೈಯಲ್ಲಿಟ್ಟರು. ನಾಲ್ಕಾಗಿ ಮಡಿಸಿದ ನನ್ನ ಹಾಳೆ.

"ಇದ್ರಾಗೆ ತಪ್ಪಾಗೈತೆ ಅಂದ್ರಲ್ಲ ಮೇಡಮ್ಮ, ಸರಿ ಮಾಡ್ಕೊಡ್ರಿ. ಮನೇಲಿ ಇಕ್ಕೋತೀವಿ."

ಅದೇ ಕಲ್ಲುಬೆಂಚಿನ ಮೇಲಿಟ್ಟು ಮೂರನೆಯ ಕಾಲಮ್ಮಿನಲ್ಲಿದ್ದ ಹೆಸರು ಹೊಡೆದುಹಾಕಿದೆ. ಭೌತಶಾಸ್ತ್ರ ದುರ್ಬಲ ಎಂಬುದನ್ನೂ ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದೆ. ಹಿರಿಯರು ಕೈ ಚಾಚಿ ಹಾಳೆಯನ್ನು ಇಸಿದುಕೊಂಡರು. ರೈಲು ಕದಲಿದಾಗ ಕೈಗಡಿಯಾರ ನೋಡಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಹಿಂಬದಿಯ ಮೂಲೆಯಲ್ಲಿ ಒಳಗೆ ಎಂದು ಬರೆದು ಹೊತ್ತು ಹಾಕಿದರು. ಅದರ ಕೆಳಗೆ ಹೊರಗೆ ಎಂದು ಬರೆದರು, ಮುಂದೆ ಏನೂ ಬರೆಯಲಿಲ್ಲ.

"ಅದೇನು ಖಾಲಿ ಬಿಟ್ರಿ?" ಎಂದು ಅಜ್ಜಿ ಕೇಳಿದರು.

"ಈಗ ತಾನೆ ಶಿಫ್ಟಿಗೆ ಇಳಿದಿದ್ದಾಳೆ ಅಮ್ಮಾ," ಎಂದರು ಅವರು. "ನಿಧಾನವಾಗಿ ಮುಗಿಸ್ಕೊಂಡು ಬರ್ಲಿ. ಯಾವ ಬಸ್ಸೂ ಕಾಯ್ತಾ ಇಲ್ಲ."